ಏರಿಳಿಯುವ ನೀರಿನಲ್ಲಿ ದೋಣಿ ಕಟ್ಟುವ ವಿದ್ಯೆ

(ಶರಾವತಿ ಹಿನ್ನೀರಿನ ದಂಡೆಯ ಊರುಗಳ ಯುವಜನರಿಗಾಗಿ ಏರ್ಪಡಿಸಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಹಗ್ಗ ಹಿಡಿದು ತೋರಿಸಿದ ಭಾಗಗಳನ್ನು ಓದುಗರ ಅನುಕೂಲಕ್ಕಾಗಿ ವಿವರಿಸಿ ಬರೆಯಲಾಗಿದೆ.)



ದೋಣಿಯ ಮಾತು ಬಂದಾಗ ಜನರು ಹುಟ್ಟು ಹಾಕುವ ತೋಳಿನ ಬಲವನ್ನು ಹೊಗಳುತ್ತಾರೆ, ಗಾಳಿಯ ದಿಕ್ಕನ್ನರಿತು ಸಾಗುವ ಅಂಬಿಗನ ಜಾಣ್ಮೆಯನ್ನು ಕೊಂಡಾಡುತ್ತಾರೆ. ದೋಣಿ ದಡ ಮುಟ್ಟಿದ ಮೇಲೆ ನಡೆಯುವ ಕೆಲಸ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಹಿನ್ನೀರಿನ ಬದಿಯ ಮನೆಯೊಂದರ ದೋಣಿ ದಿನಕ್ಕೆ ಎರಡು ತಾಸು ಚಲಿಸಿದರೆ ಹೆಚ್ಚು. ಮಿಕ್ಕ ಇಪ್ಪತ್ತೆರಡು ತಾಸು ಅದು ಒಂದು ಹಗ್ಗದ, ಒಂದು ಗಂಟಿನ ವಶದಲ್ಲಿರುತ್ತದೆ.

ಆ ಗಂಟು ಕಳಚಿದರೆ ಆಗುವ ನಷ್ಟ ದೋಣಿಯ ಬೆಲೆಗೆ ಸೀಮಿತವಾದುದಲ್ಲ. ಮಳೆಗಾಲದ ರಾತ್ರಿಯಲ್ಲಿ ಹಾವು ಕಚ್ಚಿದವರನ್ನೋ ಹೆರಿಗೆ ನೋವು ಬಂದವರನ್ನೋ ಆಚೆ ದಡಕ್ಕೆ ಮುಟ್ಟಿಸಲು ಆ ಮನೆಗಿರುವುದು ಅದೊಂದೇ ಸಾಧನ. ಓಡಿಬಂದು ನೋಡಿದಾಗ ದೋಣಿ ದಡದಿಂದ ದೂರ ತೇಲುತ್ತಿದ್ದರೆ ಮನೆಯವರು ಮಾಡುವ ಮೊದಲ ಕೆಲಸವೆಂದರೆ ನೀರಿಗೆ ಹಾರುವುದು. ಖಾಲಿ ದೋಣಿಯನ್ನು ಗಾಳಿ ತಳ್ಳಿಕೊಂಡು ಹೋಗುವ ವೇಗ ಈಜುವವನ ವೇಗವನ್ನು ಮೀರಬಲ್ಲದು. ಹತ್ತು ಮಾರು ಎಂದು ಹೊರಟವನಿಗೆ ಅದು ಐವತ್ತು ಮಾರಾಗುತ್ತದೆ. ದಣಿದು ಹಿಂತಿರುಗುವ ಹೊತ್ತಿಗೆ ತೋಳಿನ ಕಸುವು ಮುಗಿದಿರುತ್ತದೆ. ತೇಲಿಹೋದ ದೋಣಿಯ ಬೆನ್ನು ಹತ್ತಬಾರದು ಎಂಬುದು ಮೊದಲ ಪಾಠ. ದೋಣಿ ತೇಲಿಹೋಗದಂತೆ ಕಟ್ಟುವುದು ಅದಕ್ಕೂ ಮೊದಲಿನ ಪಾಠ. ಇಂದಿನ ವಿಷಯ ಈ ಎರಡನೆಯದು.

ಒಂದೇ ಹೊಳೆ, ಮೂರು ಬಗೆಯ ನೀರು

ದೋಣಿ ಕಟ್ಟುವ ಕ್ರಮವನ್ನು ನಿರ್ಧರಿಸುವುದು ನೀರಿನ ಸ್ವಭಾವ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುವ ಶರಾವತಿಯಲ್ಲಿ ಇಂದು ಮೂರು ಬಗೆಯ ನೀರಿದೆ.

ಹೊನ್ನಾವರದ ಅಳಿವೆಯಲ್ಲಿ ಉಬ್ಬರ ಇಳಿತಗಳ ನೀರು. ಹೆಚ್ಚುಕಡಿಮೆ ಆರು ತಾಸಿಗೊಮ್ಮೆ ಅದು ದಿಕ್ಕು ಬದಲಿಸುತ್ತದೆ. ಕರಾವಳಿಯ ಈ ಭಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದಿನಗಳಲ್ಲಿಯೂ ಏರಿಳಿತ ಎರಡು ಮೀಟರಿನ ಆಸುಪಾಸಿನಲ್ಲೇ ಉಳಿಯುತ್ತದೆ. ದಿನಕ್ಕೆರಡು ಬಾರಿ ಬಂದುಹೋಗುವ ಈ ನೀರಿನ ಲೆಕ್ಕವನ್ನು ಕಡಲ ಮಕ್ಕಳು ತಲೆಮಾರುಗಳಿಂದ ಬಲ್ಲರು. ದಕ್ಕೆಗೆ ಕಟ್ಟಿದ ಹಗ್ಗವನ್ನು ಎಷ್ಟು ಸಡಿಲ ಬಿಡಬೇಕೆಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ.

ಅಲ್ಲಿಂದ ಮೇಲೆ, ಗೇರುಸೊಪ್ಪೆಯ ಅಣೆಕಟ್ಟಿನ ಕೆಳಗೆ, ಯಂತ್ರದ ನೀರು. ವಿದ್ಯುತ್ತಿನ ಬೇಡಿಕೆ ಏರಿದಾಗ ಹೊಳೆ ಏರುತ್ತದೆ. ಬೇಡಿಕೆ ಇಳಿದಾಗ ಇಳಿಯುತ್ತದೆ. ಚಂದ್ರನನ್ನು ನೋಡಿ ಇದರ ಲೆಕ್ಕ ಹಾಕಲು ಬಾರದು. ಮಳೆಗಾಲದಲ್ಲಿ ಜಲಾಶಯಗಳ ಬಾಗಿಲು ತೆರೆದಾಗಲಂತೂ ದಡದ ದೋಣಿಗಳು ಸೆಳವಿನ ಪೂರ್ಣ ಎಳೆತಕ್ಕೆ ಸಿಕ್ಕುತ್ತವೆ.

ಜೋಗದ ಮೇಲೆ ಇರುವುದು ಮೂರನೆಯ ಬಗೆಯ ನೀರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತ ಈ ನೀರಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬರ ಬಿದ್ದ ವರ್ಷಗಳ ಬೇಸಿಗೆಯ ಕೊನೆಗೆ ಮಟ್ಟ 1,750 ಅಡಿಗಿಂತಲೂ ಕೆಳಗಿಳಿದದ್ದಿದೆ. ಅಂದರೆ ಎರಡು ಮಟ್ಟಗಳ ನಡುವಿನ ಅಂತರ ಸುಮಾರು 70 ಅಡಿ. 1948ರಲ್ಲಿ ಕಟ್ಟಿ, ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿಹೋದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರು ಬತ್ತಿದ ಬೇಸಿಗೆಗಳಲ್ಲಿ ತಲೆಯೆತ್ತಿ ನಿಲ್ಲುವುದನ್ನು ಕಂಡವರಿಗೆ ಈ ಅಂತರದ ಅರಿವಿದೆ.

ಈ 70 ಅಡಿ ಎಂಟು ತಿಂಗಳಲ್ಲಿ ಇಳಿಯಿತೆಂದು ಲೆಕ್ಕ ಹಾಕಿದರೆ ದಿನಕ್ಕೆ ಮೂರೂವರೆ ಅಂಗುಲ, ವಾರಕ್ಕೆ ಎರಡು ಅಡಿ. ದಡದ ಇಳಿಜಾರು ಹತ್ತಕ್ಕೊಂದರಷ್ಟಿದ್ದಲ್ಲಿ ನೀರಿನ ಅಂಚು ಒಂದೇ ವಾರದಲ್ಲಿ 20 ಅಡಿ ಹಿಂದೆ ಸರಿಯುತ್ತದೆ. ಹದಿನೈದು ಅಡಿ ಹಗ್ಗದಲ್ಲಿ ಕಟ್ಟಿ ನೆಂಟರ ಮನೆಗೆ ಹೋದವನು ಎಂಟು ದಿನ ಬಿಟ್ಟು ಬಂದರೆ ದೋಣಿ ಕೆಸರಿನ ಮೇಲೆ ಕುಳಿತಿರುತ್ತದೆ. ಮಳೆ ಹಿಡಿದಾಗ ಇದರ ತಿರುಗುಮುರುಗು: ಎಂಟು ತಿಂಗಳು ಇಳಿದ ನೀರು ಎರಡು ಮೂರು ತಿಂಗಳಲ್ಲಿ ಏರಿಬರುತ್ತದೆ, ಜಡಿಮಳೆಯ ಕಾಲದಲ್ಲಿ ಒಂದೇ ದಿನಕ್ಕೆ ಅಡಿಗಟ್ಟಲೆ ಏರುವುದೂ ಉಂಟು.

ಇಂತಹ ನೀರನ್ನು ಮಲೆನಾಡಿನ ಹಿರಿಯರು ಕಂಡವರಲ್ಲ. ಅವರು ಕಂಡದ್ದು ಮಳೆಗಾಲದಲ್ಲಿ ತುಂಬಿ ಹರಿದು, ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲಿ ದಾಟಿಸಿಕೊಳ್ಳುತ್ತಿದ್ದ ಹೊಳೆಯನ್ನು. ಗದ್ದೆ ತೋಟಗಳು ಮುಳುಗಿ, ಸಾವಿರಾರು ಕುಟುಂಬಗಳು ಚದುರಿಹೋಗಿ, ಉಳಿದವರು ದ್ವೀಪದಂತಾದ ಊರುಗಳಲ್ಲಿ ನೆಲೆಸಿದಾಗ ಅವರ ಕೈಗೆ ದೋಣಿ ಬಂತು. ಅದನ್ನು ಕಟ್ಟುವುದು ಹೇಗೆಂದು ಕಲಿಸುವವರಿರಲಿಲ್ಲ. ಕೊಟ್ಟಿಗೆಯಲ್ಲಿ, ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಕಲಿತಿದ್ದ ಗಂಟುಗಳನ್ನೇ ಅವರು ನೀರಿಗೆ ಹೊಂದಿಸಿಕೊಂಡರು. ಅವುಗಳಲ್ಲಿ ಕೆಲವು ಹೊಂದಿಕೊಂಡವು, ಕೆಲವು ಕೈಕೊಟ್ಟವು.

ಹಗ್ಗದ ಗುಣ

ಗಂಟಿಗಿಂತ ಮೊದಲು ಹಗ್ಗ. ಹಿಂದೆ ದೋಣಿಗೆ ಬಳಸುತ್ತಿದ್ದುದು ತೆಂಗಿನ ನಾರಿನ ಹಗ್ಗ. ಅದು ನೀರಿನಲ್ಲಿ ತೇಲುತ್ತದೆ, ಬೇಗ ಕೊಳೆಯುವುದಿಲ್ಲ. ಮೈ ಒರಟಾದ್ದರಿಂದ ಹಾಕಿದ ಗಂಟು ಜಾರುವುದಿಲ್ಲ. ಆದರೆ ಅದೇ ದಪ್ಪದ ಇಂದಿನ ಹಗ್ಗಗಳ ಬಲ ಅದಕ್ಕಿಲ್ಲ.

ಇಂದು ಸಂತೆಯಲ್ಲಿ ಸಿಗುವ ಹೊಳಪಿನ ಹಗ್ಗಗಳನ್ನೆಲ್ಲ ಜನರು ನೈಲಾನ್ ಎಂದೇ ಕರೆಯುತ್ತಾರೆ. ನೀಲಿ, ಹಳದಿ, ಹಸಿರು ಬಣ್ಣದ ಅಗ್ಗದ ಹಗ್ಗಗಳಲ್ಲಿ ಹೆಚ್ಚಿನವು ನೈಲಾನ್ ಅಲ್ಲ. ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಪರೀಕ್ಷೆ ಸುಲಭ. ಒಂದು ಗೇಣು ತುಂಡನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆಗಳು ಹೋಗುವಂತೆ ಹಿಂಡಿ ಬಿಟ್ಟಾಗ ತೇಲಿದರೆ ಅದು ನೈಲಾನ್ ಅಲ್ಲ, ನೈಲಾನ್ ಮುಳುಗುತ್ತದೆ. ಈ ಭೇದ ತಿಳಿದಿರಬೇಕಾದುದಕ್ಕೆ ಕಾರಣವಿದೆ. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗಿ ಅಲೆಯ ಹೊಡೆತವನ್ನು ಮೆತ್ತಗಾಗಿಸುತ್ತದೆ. ಒದ್ದೆಯಾದಾಗ ಬಲ ತುಸು ಕುಂದಿದರೂ ದೋಣಿ ಕಟ್ಟಲು ಹೇಳಿ ಮಾಡಿಸಿದಂತಹುದು. ತೇಲುವ ಅಗ್ಗದ ಹಗ್ಗ ಬಿಸಿಲಿಗೆ ಬೇಗ ಸೊರಗುತ್ತದೆ. ಎರಡು ಬೇಸಿಗೆ ದಾಟಿದ ಮೇಲೆ ಅದರ ಎಳೆಗಳು ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತವೆ. ಅದರ ನುಣುಪು ಮೈಯಲ್ಲಿ ಗಂಟು ನಿಲ್ಲುವುದೂ ಕಷ್ಟ. ಅಂತಹ ಹಗ್ಗವನ್ನೇ ಬಳಸಬೇಕಾಗಿ ಬಂದರೆ ಗಂಟಿನಾಚೆ ಕನಿಷ್ಠ ಒಂದು ಮೊಳ ತುದಿ ಉಳಿಸಬೇಕು. ಒಂದು ಅರೆಗಂಟು ಹೆಚ್ಚಾಗಿ ಹಾಕಬೇಕು.

ಯಾವ ಹಗ್ಗವಾದರೂ ಗಂಟು ಬಿದ್ದಲ್ಲಿ ದುರ್ಬಲವಾಗುತ್ತದೆ. ಬಾಗಿದಲ್ಲಿ ಎಳೆಗಳ ಮೇಲೆ ಭಾರ ಸಮನಾಗಿ ಬೀಳದಿರುವುದೇ ಕಾರಣ. ಗಂಟಿನ ಬಗೆಯನ್ನನುಸರಿಸಿ ಹಗ್ಗದ ಬಲದಲ್ಲಿ ಕಾಲುಭಾಗದಿಂದ ಅರ್ಧದವರೆಗೂ ಕಡಿತವಾಗಬಹುದು. ಆದ್ದರಿಂದ ಸಾಲುತ್ತದೆಂದು ಕಂಡ ದಪ್ಪಕ್ಕಿಂತ ಒಂದು ಪಟ್ಟು ದಪ್ಪ ಹಗ್ಗ ಕೊಳ್ಳುವುದೇ ಲೇಸು.

ಸುತ್ತಿನ ಬಲ

ಒಳ್ಳೆಯ ಗಂಟಿಗೆ ಮೂರು ಲಕ್ಷಣಗಳಿವೆ. ಭಾರ ಬಿದ್ದಾಗ ಹಿಡಿಯಬೇಕು. ಬೇಕೆಂದಾಗ ಬಿಚ್ಚಬೇಕು. ಸರಿಯಾಗಿದೆಯೋ ಇಲ್ಲವೋ ಎಂಬುದು ಕಂಡೊಡನೆ ತಿಳಿಯಬೇಕು. ಗಂಟಿನ ಮೇಲೆ ಗಂಟು ಹೇರುವ ರೂಢಿ ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ, ಅದೂ ಅರೆಬರೆಯಾಗಿ, ಪೂರೈಸುತ್ತದೆ. ಒದ್ದೆಯಾಗಿ ಬಿಗಿದುಕೊಂಡ ಅಂತಹ ಗಂಟನ್ನು ಬಿಚ್ಚಲಾಗದೆ ಕತ್ತಿಯಿಂದ ಕಡಿಯುತ್ತಾರೆ. ಹಗ್ಗ ಸಲಕ್ಕೊಂದು ಮೊಳ ಗಿಡ್ಡವಾಗುತ್ತದೆ. ಕಡಿದ ಪ್ಲಾಸ್ಟಿಕ್ ತುಂಡು ನೀರು ಸೇರಿ ಮತ್ತೊಬ್ಬರ ಯಂತ್ರದೋಣಿಯ ಫ್ಯಾನಿಗೋ, ಆಮೆಯ ಕುತ್ತಿಗೆಗೋ ಸುತ್ತಿಕೊಳ್ಳುತ್ತದೆ. ಅಮೆರಿಕದ ಕ್ಲಿಫರ್ಡ್ ಆ್ಯಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ದೋಣಿಯವನಿಗೆ ಅಷ್ಟು ಬೇಡ. ಮೂರನ್ನು ಕತ್ತಲಲ್ಲಿ, ಮಳೆಯಲ್ಲಿ, ಮರಗಟ್ಟಿದ ಬೆರಳುಗಳಲ್ಲಿ ಹಾಕಲು ಬಂದರೆ ಸಾಕು.

ಮೊದಲನೆಯದು ಸುತ್ತು ಮತ್ತು ಎರಡು ಅರೆಗಂಟು. ಹಗ್ಗವನ್ನು ಕಂಬಕ್ಕೆ ಎರಡು ಬಾರಿ ಸುತ್ತಬೇಕು. ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲಿ ಕುಳಿತಿರಬೇಕು. ಬಳಿಕ ತುದಿಯನ್ನು ದೋಣಿಯಿಂದ ಬರುವ ಬಿಗಿ ಹಗ್ಗದ ಮೇಲಿಂದ ತಂದು, ಅದರ ಅಡಿಯಿಂದ ಸುತ್ತಿಸಿ, ಉಂಟಾದ ಕಿಂಡಿಯಲ್ಲಿ ಹೊರಗೆಳೆಯಬೇಕು. ಇದು ಒಂದು ಅರೆಗಂಟು. ಅದೇ ದಿಕ್ಕಿನಲ್ಲಿ ಇನ್ನೊಂದನ್ನು ಹಾಕಿ, ಎರಡನ್ನೂ ಕಂಬದತ್ತ ಒತ್ತಿ ಬಿಗಿಯಬೇಕು. ಎರಡೂ ಒಂದೇ ದಿಕ್ಕಿಗಿರುವುದು ಮುಖ್ಯ.

ಇಲ್ಲಿ ಹಿಡಿಯುವ ಕೆಲಸ ಮಾಡುವುದು ಸುತ್ತು. ಅರೆಗಂಟುಗಳು ಸುತ್ತು ಬಿಚ್ಚದಂತೆ ಕಾಯುತ್ತವೆ ಅಷ್ಟೆ. ಕಡಿದ ಮರದ ನಾಟಾವನ್ನು ಇಳಿಜಾರಿನಲ್ಲಿ ಇಳಿಸುವಾಗ ಹಗ್ಗವನ್ನು ಪಕ್ಕದ ಮರಕ್ಕೆ ಸುತ್ತಿ ಒಬ್ಬನೇ ಹಿಡಿದು ನಿಧಾನವಾಗಿ ಬಿಡುವುದನ್ನು ಕಂಡವರಿಗೆ ಇದರ ಮರ್ಮ ಗೊತ್ತು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ ಎಂಬುದನ್ನು 18ನೆಯ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಲೆಕ್ಕಕ್ಕೆ ಇಳಿಸಿದನು. ಒಣಗಿದ ಮರದ ಕಂಬಕ್ಕೆ ಸಾಧಾರಣ ಒರಟಿನ ಹಗ್ಗವೆಂದು ಎಣಿಸಿದರೆ, 100 ಕಿಲೋ ಎಳೆತವನ್ನು ಒಂದು ಪೂರ್ಣ ಸುತ್ತಿನ ನಂತರ 15 ಕಿಲೋ ಬಲದಿಂದ ತಡೆಯಬಹುದು; ಎರಡು ಸುತ್ತಿನ ನಂತರ ಎರಡೂವರೆ ಕಿಲೋ ಸಾಕು; ಮೂರು ಸುತ್ತಾದರೆ ಅರ್ಧ ಕಿಲೋ ಕೂಡ ಬೇಡ. ಪಾಚಿಗಟ್ಟಿದ ಕಂಬ, ನುಣುಪಾದ ಹಗ್ಗ ಇದ್ದಲ್ಲಿ ಹಿಡಿತ ಕಡಿಮೆಯಾಗುವುದರಿಂದ ಸುತ್ತು ಹೆಚ್ಚಿಸಬೇಕು. ಈ ಗಂಟಿನ ದೊಡ್ಡ ಗುಣವೆಂದರೆ, ದೋಣಿ ಜಗ್ಗುತ್ತಿರುವಾಗಲೂ ಅರೆಗಂಟುಗಳನ್ನು ಬಿಚ್ಚಿ, ಸುತ್ತಿನ ಬಲದಲ್ಲೇ ಹಗ್ಗವನ್ನು ಬೇಕಾದಷ್ಟು ಸಡಿಲಿಸಿ ಮತ್ತೆ ಕಟ್ಟಬಹುದು. ನಿತ್ಯವೂ ಮಟ್ಟ ಬದಲಾಗುವ ನೀರಿಗೆ ಇದಕ್ಕಿಂತ ತಕ್ಕ ಗಂಟು ಬೇರಿಲ್ಲ.

ಬೇಲಿಯ ಗೂಟಕ್ಕೆ, ಚಪ್ಪರದ ಕಂಬಕ್ಕೆ ಹಾಕುವ ಅಡ್ಡಗಂಟನ್ನು ದೋಣಿಗೂ ಹಾಕುವವರಿದ್ದಾರೆ. ಒಂದು ಸುತ್ತು ಸುತ್ತಿ, ಅದನ್ನು ಅಡ್ಡಹಾಯ್ದು ಎರಡನೆಯದನ್ನು ಸುತ್ತಿ, ತುದಿಯನ್ನು ಎರಡನೆಯದರ ಅಡಿಗೆ ತೂರಿಸುವ ಈ ಗಂಟು ಚಪ್ಪರಕ್ಕೆ ಸೊಗಸು, ಏಕೆಂದರೆ ಚಪ್ಪರ ಅಲುಗಾಡುವುದಿಲ್ಲ. ದೋಣಿ ಗಾಳಿಗೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಒಂದೊಂದು ಓಲಾಟಕ್ಕೂ ಗಂಟು ಎಳ್ಳಷ್ಟು ಸರಿದು ಬೆಳಗಾಗುವಷ್ಟರಲ್ಲಿ ತುದಿ ಹೊರಬಿದ್ದಿರುತ್ತದೆ. ಅರ್ಧ ತಾಸಿನ ನಿಲುಗಡೆಗೆ ಇದು ಸಾಕು. ರಾತ್ರಿಗೆ ಕಟ್ಟುವುದಾದರೆ ಇದರ ಮುಂದೆ ಎರಡು ಅರೆಗಂಟು ಬೀಳಲೇಬೇಕು.

ಕೊಟ್ಟಿಗೆಯಲ್ಲಿ ಕಲಿತ ಕುಣಿಕೆ

ಎರಡನೆಯದು ಜಾರದ ಕುಣಿಕೆ. ದನದ ಕೊರಳಿಗೆ ಜೀರುಗುಣಿಕೆ ಹಾಕಬಾರದೆಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ದನ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಕೊರಳಿಗೆ ಬೇಕಾದುದು ಎಷ್ಟು ಜಗ್ಗಿದರೂ ಅಳತೆ ಬದಲಿಸದ ಕುಣಿಕೆ. ಜಗತ್ತಿನ ನಾವಿಕರೆಲ್ಲ ನೆಚ್ಚಿಕೊಂಡಿರುವ, ಬೋಲೈನ್ ಎಂಬ ಹೆಸರಿನ ಗಂಟು ಇದೇ ಕೆಲಸವನ್ನು ಮಾಡುತ್ತದೆ.

ಹಾಕುವ ಕ್ರಮ ಹೀಗಿದೆ. ದೋಣಿಯಿಂದ ಬರುವ ಉದ್ದ ಹಗ್ಗವನ್ನು ಎಡಗೈಯಲ್ಲಿ ಹಿಡಿದು, ತುದಿಯ ಕಡೆಯ ಹಗ್ಗ ಮೇಲೆ ಬರುವಂತೆ ಮಡಚಿ ಒಂದು ಚಿಕ್ಕ ಉಂಗುರ ಮಾಡಬೇಕು. ಈ ಉಂಗುರವನ್ನು ಬಾವಿಯೆಂದೂ, ಅದರಿಂದ ಮುಂದೆ ಚಾಚಿದ ಉದ್ದ ಹಗ್ಗವನ್ನು ಬಾವಿಯ ಬದಿಯ ಮರವೆಂದೂ, ಹಗ್ಗದ ತುದಿಯನ್ನು ಕೇರೆಹಾವೆಂದೂ ಭಾವಿಸಬೇಕು. ಕೇರೆ ಬಾವಿಯ ಅಡಿಯಿಂದ ಮೇಲೆ ಬರುತ್ತದೆ, ಮರದ ಹಿಂದಿನಿಂದ ಸುತ್ತಿ ಬರುತ್ತದೆ, ಬಂದ ಬಾವಿಗೇ ಮರಳಿ ಇಳಿಯುತ್ತದೆ. ತುದಿಯನ್ನೂ ಕುಣಿಕೆಯ ಪಕ್ಕವನ್ನೂ ಒಟ್ಟಿಗೆ ಹಿಡಿದು, ಮರವನ್ನು ಎದುರು ದಿಕ್ಕಿಗೆ ಎಳೆದರೆ ಗಂಟು ಕೂರುತ್ತದೆ. ಸರಿಯಾಗಿ ಬಿದ್ದಿದ್ದರೆ ಉಳಿದ ತುದಿ ದೊಡ್ಡ ಕುಣಿಕೆಯ ಒಳಮಗ್ಗುಲಿನಲ್ಲಿರುತ್ತದೆ. ಬಿಚ್ಚುವಾಗ ಮರವನ್ನು ಅಪ್ಪಿಕೊಂಡಿರುವ ಮಡಿಕೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದರೆ ಎಷ್ಟು ಒದ್ದೆಯಾಗಿದ್ದರೂ ಸಡಿಲವಾಗುತ್ತದೆ.

ಈ ಕುಣಿಕೆಗೆ ಎರಡು ಮಿತಿಗಳಿವೆ. ಭಾರ ಬಿದ್ದಿರುವಾಗ ಇದನ್ನು ಬಿಚ್ಚಲಾಗದು. ಆದ್ದರಿಂದ ಹಗ್ಗದ ದೋಣಿಯ ಕಡೆಗೆ ಕುಣಿಕೆಯನ್ನೂ, ದಡದ ಕಡೆಗೆ ಸುತ್ತು ಮತ್ತು ಅರೆಗಂಟುಗಳನ್ನೂ ಹಾಕಬೇಕು. ಸಡಿಲಿಸುವ ಸ್ವಾತಂತ್ರ್ಯ ದಡದಲ್ಲಿ ನಿಂತವನ ಕೈಯಲ್ಲಿರಬೇಕು. ಇನ್ನು, ಪೆಡಸಾದ ಪ್ಲಾಸ್ಟಿಕ್ ಹಗ್ಗದಲ್ಲಿ ಹಾಕಿದಾಗ ಬಿಗಿತ ಸಡಿಲಗಳ ಸತತ ಬದಲಾವಣೆಗೆ ಇದು ತಾನಾಗಿ ಕಳಚಿಕೊಳ್ಳುವುದುಂಟು. ಉದ್ದ ತುದಿ ಬಿಟ್ಟು, ಅದನ್ನು ಕುಣಿಕೆಯ ಪಕ್ಕಕ್ಕೆ ಒಂದು ಅರೆಗಂಟಿನಿಂದ ಬಿಗಿದರೆ ಆ ಭಯವಿಲ್ಲ.

ಮೂರನೆಯದು ಹಗ್ಗಕ್ಕೆ ಹಗ್ಗ ಸೇರಿಸುವ ಗಂಟು. ನೀರು ಹಿಂದೆ ಸರಿದಂತೆಲ್ಲ ಹಗ್ಗ ಉದ್ದ ಮಾಡುವ ಪ್ರಸಂಗ ಬರುತ್ತದೆ. ನೇಕಾರರು ತುಂಡಾದ ನೂಲನ್ನು ಸೇರಿಸುವ ಗಂಟಿನ ವಿನ್ಯಾಸವೇ ಇಲ್ಲಿಯೂ ಒದಗುತ್ತದೆ. ದಪ್ಪ ಹಗ್ಗದ ತುದಿಯನ್ನು ಹಿಂದಕ್ಕೆ ಮಡಚಬೇಕು. ತೆಳು ಹಗ್ಗವನ್ನು ಆ ಮಡಿಕೆಯೊಳಗೆ ಅಡಿಯಿಂದ ಮೇಲಕ್ಕೆ ತಂದು, ಮಡಿಕೆಯ ಎರಡೂ ಎಳೆಗಳ ಹಿಂದಿನಿಂದ ಸುತ್ತಿಸಿ, ಅದರದೇ ಎಳೆಯ ಅಡಿಗೆ ತೂರಿಸಿ ಬಿಗಿಯಬೇಕು. ನುಣುಪು ಹಗ್ಗವಾದರೆ ಹಿಂದಿನ ಸುತ್ತನ್ನು ಎರಡು ಬಾರಿ ಹಾಕುವುದು ಕ್ಷೇಮ.

ಯಾವುದಕ್ಕೆ ಕಟ್ಟಬೇಕು

ಗಂಟು ಎಷ್ಟೇ ಗಟ್ಟಿಯಿದ್ದರೂ ಗೂಟ ಕಿತ್ತು ಬಂದರೆ ಪ್ರಯೋಜನವಿಲ್ಲ. ಗೂಟವನ್ನು ನೀರಿನಿಂದ ಆಚೆಗೆ ವಾಲುವಂತೆ ಬಡಿಯಬೇಕು; ಹಗ್ಗವನ್ನು ಅದರ ತಲೆಗಲ್ಲ, ನೆಲಕ್ಕೆ ತಾಗಿದಂತೆ ಬುಡಕ್ಕೆ ಕಟ್ಟಬೇಕು. ತಲೆಗೆ ಕಟ್ಟಿದ ಹಗ್ಗ ಗೂಟವನ್ನು ಮೀಟುಗೋಲಿನಂತೆ ಮೀಟಿ ಎಬ್ಬಿಸುತ್ತದೆ. ಮಳೆಗೆ ನೆನೆದ ದಡದ ಮಣ್ಣಿನಲ್ಲಿ ಒಂದೇ ಗೂಟವನ್ನು ನಂಬುವಂತಿಲ್ಲ. ಮೂರು ನಾಲ್ಕು ಅಡಿ ಹಿಂದೆ ಇನ್ನೊಂದು ಗೂಟ ಬಡಿದು, ಮುಂದಿನ ಗೂಟದ ತಲೆಯನ್ನು ಹಿಂದಿನದರ ಬುಡಕ್ಕೆ ಬಿಗಿದು ಕಟ್ಟಿದರೆ ಎರಡೂ ಸೇರಿ ಭಾರ ಹೊರುತ್ತವೆ. ಹಗ್ಗ ಗಿಡ್ಡವಾದಷ್ಟೂ ಎಳೆತ ಮೇಲ್ಮುಖವಾಗಿ ಗೂಟ ಏಳುತ್ತದೆ. ಉದ್ದವಾದಷ್ಟೂ ಎಳೆತ ನೆಲಕ್ಕೆ ಸಮಾಂತರವಾಗಿ ಗೂಟ ನಿಲ್ಲುತ್ತದೆ.

ದಡದ ಮರಕ್ಕೆ ಕಟ್ಟುವುದು ರೂಢಿ. ಮರಕ್ಕೆ ಆಹಾರ ಸಾಗುವುದು ತೊಗಟೆಯ ಒಳಪದರದಲ್ಲಿ. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿದ ತೆಳು ಹಗ್ಗ ತೊಗಟೆಯನ್ನು ಸುತ್ತಲೂ ಕೊರೆದರೆ ಮರ ನಿಂತಲ್ಲೇ ಒಣಗುತ್ತದೆ. ದಡದ ಮಣ್ಣನ್ನು ಹಿಡಿದಿರುವುದು ಅದರ ಬೇರು. ಮರ ಸತ್ತರೆ ಕಡವಿನ ದಡ ಕುಸಿಯುತ್ತದೆ. ನಾಲ್ಕು ಮಡಿಕೆ ಗೋಣಿಚೀಲ ಸುತ್ತಿ ಅದರ ಮೇಲೆ ಕಟ್ಟಿದರೆ ಮರಕ್ಕೂ ಹಗ್ಗಕ್ಕೂ ಒಳ್ಳೆಯದು. ಎಳೆಯ ಮರಕ್ಕೆ ಕಟ್ಟಲೇಬಾರದು.

ಹಿನ್ನೀರಿನಲ್ಲಿ ನಿಂತಿರುವ ಹಳೆಯ ಕಾಡಿನ ಬೊಡ್ಡೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಸದಾ ನೀರಿನಡಿಯಿರುವ ಮರ ಬೇಗ ಕೊಳೆಯದು. ನೀರಿಗೂ ಗಾಳಿಗೂ ಸರದಿಯಂತೆ ಒಡ್ಡಿಕೊಳ್ಳುವ ಭಾಗ ಮಾತ್ರ ಒಳಗೊಳಗೇ ಟೊಳ್ಳಾಗುತ್ತದೆ. ದೋಣಿ ಕಟ್ಟುವುದು ಸರಿಯಾಗಿ ಆ ಭಾಗಕ್ಕೇ. ಮೇಲಾಗಿ, ನೀರು ಏರಿದಾಗ ಬೊಡ್ಡೆಯೊಂದಿಗೆ ಗಂಟೂ ಮುಳುಗುತ್ತದೆ. ಕೈಗೆ ಸಿಗದ ಗಂಟು ಇದ್ದೂ ಇಲ್ಲದಂತೆ.

ಏರುವ ನೀರು, ಇಳಿಯುವ ನೀರು

ದೋಣಿಗೆ ಹೆಚ್ಚು ಅಪಾಯ ತರುವುದು ಇಳಿಯುವ ನೀರಲ್ಲ, ಏರುವ ನೀರು. ಇಳಿದಾಗ ದೋಣಿ ನೆಲದ ಮೇಲೆ ಕೂರುತ್ತದೆ. ನಾಲ್ಕು ಜನ ಸೇರಿ ತಳ್ಳಿದರೆ ಮತ್ತೆ ತೇಲುತ್ತದೆ. ಗಿಡ್ಡ ಹಗ್ಗದಲ್ಲಿ ತಗ್ಗಿನ ಗೂಟಕ್ಕೆ ಕಟ್ಟಿದ ದೋಣಿ ನೀರು ಏರಿದಾಗ ಮೇಲೇಳಲಾರದು. ಹಗ್ಗ ಮುಂತುದಿಯನ್ನು ಕೆಳಗೆ ಜಗ್ಗಿ ಹಿಡಿಯುತ್ತದೆ, ಅಂಚಿನ ಮೇಲಿಂದ ನೀರು ನುಗ್ಗುತ್ತದೆ, ಗಂಟು ಬಿಚ್ಚದಿದ್ದರೂ ದೋಣಿ ಮುಳುಗುತ್ತದೆ. ಗಟ್ಟಿಯಾದ ಗಂಟೇ ದೋಣಿಯನ್ನು ಮುಳುಗಿಸುವ ಪ್ರಸಂಗವಿದು. ಗಂಟಿನ ವಿದ್ಯೆಯೆಂದರೆ ಬಿಗಿಯುವ ವಿದ್ಯೆ ಮಾತ್ರವಲ್ಲ, ಎಷ್ಟು ಸಡಿಲ ಬಿಡಬೇಕೆಂಬ ಅರಿವೂ ಹೌದು.

ಇದಕ್ಕಾಗಿ ಮಳೆಗಾಲದಲ್ಲಿ ಎರಡು ಹಗ್ಗಗಳ ಪದ್ಧತಿ ಒಳ್ಳೆಯದು. ಮೊದಲನೆಯದು ದಿನದ ಹಗ್ಗ. ನೀರಿನಂಚಿನ ಗೂಟಕ್ಕೆ ಕಟ್ಟಿ, ನಿತ್ಯವೂ ಸರಿಹೊಂದಿಸಿ, ನೀರು ಏರಿದಂತೆ ಗೂಟವನ್ನು ಮೇಲೆ ಸರಿಸುತ್ತ ಹೋಗುವುದು. ಎರಡನೆಯದು ಕಾವಲಿನ ಹಗ್ಗ. ಜಲಾಶಯದ ಗರಿಷ್ಠ ಮಟ್ಟಕ್ಕಿಂತ ಮೇಲಿರುವ ಬಂಡೆಗೋ, ಗೋಣಿ ಸುತ್ತಿದ ಬಲಿತ ಮರಕ್ಕೋ ಕಟ್ಟಿ ಸಡಿಲವಾಗಿ ಬಿಟ್ಟಿರುವುದು. ಮೊದಲನೆಯ ಗೂಟ ಕಿತ್ತರೂ, ಮುಳುಗಿದರೂ ದೋಣಿ ಎರಡನೆಯದರಲ್ಲಿ ಉಳಿಯುತ್ತದೆ.

ನೀರು ಆಳವಾಗಿ, ದಡ ಕಡಿದಾಗಿ ಇರುವಲ್ಲಿ ನೆಟ್ಟ ಗಳಕ್ಕೆ ಅಗಲವಾದ ಜಾರದ ಕುಣಿಕೆ ಹಾಕುವುದೂ ಉಂಟು. ನೀರಿನೊಂದಿಗೆ ಕುಣಿಕೆ ತಾನೇ ಏರಿ ಇಳಿಯುತ್ತದೆ. ಬಿದಿರಿನ ಗಳವಾದರೆ ಗಿಣ್ಣುಗಳನ್ನು ನಯವಾಗಿ ಕೆತ್ತಿರಬೇಕು. ಇಲ್ಲದಿದ್ದರೆ ಕುಣಿಕೆ ಗಿಣ್ಣಿಗೆ ಸಿಕ್ಕಿಕೊಂಡು ಮುಂತುದಿಯನ್ನು ಮುಳುಗಿಸುತ್ತದೆ. ಗಳದ ತಲೆ ನೀರು ಏರಬಹುದಾದ ಮಟ್ಟಕ್ಕಿಂತ ಎತ್ತರವಿರಬೇಕು. ಇಲ್ಲದಿದ್ದರೆ ಕುಣಿಕೆ ತಲೆಯ ಮೇಲಿಂದ ಕಳಚಿ ದೋಣಿ ತೇಲಿಹೋಗುತ್ತದೆ.

ಇನ್ನು ನಿತ್ಯದ ರೂಢಿಗಳು. ಹಗ್ಗ ದೋಣಿಯ ಅಂಚಿಗೆ ಉಜ್ಜುವಲ್ಲಿ ಹಳೆಯ ಸೈಕಲ್ ಟ್ಯೂಬು ಸುತ್ತಬೇಕು. ಹೆಚ್ಚಿನ ಹಗ್ಗಗಳು ಸವೆದು ತುಂಡಾಗುವುದು ಅಲ್ಲಿಯೇ. ಮಳೆನೀರು ತುಂಬಿದ ದೋಣಿಯ ಭಾರ ಹಲವು ಪಟ್ಟು ಹೆಚ್ಚುವುದರಿಂದ ಬೆಳಗ್ಗೆ, ಸಂಜೆ ನೀರು ಎತ್ತಿಹಾಕಬೇಕು. ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟನ್ನು ಜನ ಹತ್ತಿ ಇಳಿಯುವ ಹೊತ್ತಿಗೆ ಬಳಸಬಹುದು, ರಾತ್ರಿಗೆ ಸಲ್ಲದು. ಮೇಯುವ ದನವೋ, ಆಡುವ ಮಗುವೋ ತುದಿ ಎಳೆದರೆ ಸಾಕು. ಕಟ್ಟಿದ ಮೇಲೆ ಹಗ್ಗವನ್ನು ಮೈಭಾರ ಹಾಕಿ ಒಮ್ಮೆ ಜಗ್ಗಿ ನೋಡದೆ ದಡ ಬಿಡಬಾರದು. ಕೈ ನೋಡದ ಗಂಟನ್ನು ಕಣ್ಣು ನಂಬಬಾರದು.

ಮರೆಯಾಗುತ್ತಿರುವ ವಿದ್ಯೆ

ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದ ಜನರಿಗೆ 2025ರ ಜುಲೈ 14ರಂದು ಉದ್ಘಾಟನೆಯಾದ ಸೇತುವೆ ದೊರಕಿದೆ. ಎರಡು ಕಿಲೋಮೀಟರಿಗೂ ಉದ್ದವಾದ ಈ ಸೇತುವೆಗಾಗಿ ತುಮರಿ ಸೀಮೆಯ ಜನ ನಡೆಸಿದ ಹೋರಾಟ ದೀರ್ಘವಾದುದು. ಅವರ ಸಂತೋಷ ನ್ಯಾಯವಾದುದು. ಆದರೆ ಸೇತುವೆ ಸೇರಿಸುವುದು ಎರಡು ದಡಗಳನ್ನು. ಹಿನ್ನೀರಿಗೆ ಬೆರಳುಗಳಂತೆ ಒಳಚಾಚಿದ ನೂರಾರು ಕವಲುಗಳಿವೆ. ಆ ಕವಲುಗಳ ಅಂಚಿನಲ್ಲಿ ಮೀನು ಹಿಡಿಯುವವರು, ಆಚೆ ದಡದ ತೋಟಕ್ಕೆ ಹೋಗುವವರು, ಬಳಸುದಾರಿ ತಪ್ಪಿಸಿ ಪೇಟೆಗೆ ಸಾಗುವವರು ಇಂದಿಗೂ ದೋಣಿಯನ್ನೇ ನೆಚ್ಚಿದ್ದಾರೆ. ಸೇತುವೆ ಬಂದಮೇಲೆ ದೋಣಿಯ ವಿದ್ಯೆ ಬೇಡವೆಂಬ ಭಾವನೆ ಬಲಿತರೆ ತೊಂದರೆಗೆ ಸಿಲುಕುವವರು ಸೇತುವೆ ತಲುಪದ ಈ ಮನೆಗಳವರೇ.

ಈ ಹಿನ್ನೆಲೆಯಲ್ಲಿ ಮೂರು ಕೆಲಸಗಳು ಆಗಬೇಕಾಗಿವೆ. ಜನಬಳಕೆಯ ಪ್ರತಿಯೊಂದು ಕಡವಿನಲ್ಲಿಯೂ ಗರಿಷ್ಠ ಮಟ್ಟದಿಂದ ಬೇಸಿಗೆಯ ಮಟ್ಟದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿ ಕಲ್ಲುಕಂಬಗಳನ್ನು ನೆಡುವುದನ್ನು ಪಂಚಾಯಿತಿಗಳು ಕೈಗೆತ್ತಿಕೊಳ್ಳಬೇಕು. ಖರ್ಚು ದೊಡ್ಡದಲ್ಲ, ಉಪಯೋಗ ದೊಡ್ಡದು. ಜಲಾಶಯದ ಬಾಗಿಲು ತೆರೆಯುವ ಸೂಚನೆ ಹೊಳೆಯ ಕೆಳಭಾಗದ ದೋಣಿಯವರಿಗೆ, ಅವರು ಹಗ್ಗ ಸರಿಪಡಿಸಿಕೊಳ್ಳುವಷ್ಟು ಮುಂಚಿತವಾಗಿ ಮುಟ್ಟಬೇಕು. ದಂಡೆಯ ಶಾಲೆಗಳ ಮಕ್ಕಳಿಗೆ ಈಜಿನ ಜೊತೆಗೆ ಈ ಮೂರು ಗಂಟುಗಳನ್ನು ಕಲಿಸಬೇಕು. ಮೊದಲ ಎರಡನ್ನ ಕೇಳಿ ಪಡೆಯಬೇಕಾಗಿದೆ. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ; ಎರಡು ಮಾರು ಹಗ್ಗ, ಮನೆಯ ಜಗಲಿಯ ಕಂಬ, ಒಂದು ಸಂಜೆ ಸಾಕು.

ಮಲೆನಾಡಿನ ಜನ ಕೇಳದೆಯೇ ಬಂದ ನೀರಿದು. ಅದರ ಮಟ್ಟವನ್ನು ನಿರ್ಧರಿಸುವ ಅಧಿಕಾರ ದಂಡೆಯಲ್ಲಿ ವಾಸಿಸುವವರಿಗೆ ಇಂದಿಗೂ ಇಲ್ಲ. ಅವರ ಕೈಯಲ್ಲಿರುವುದು ಹಗ್ಗದ ಈ ತುದಿ ಮಾತ್ರ. ಅದನ್ನು ಅರಿತು ಕಟ್ಟಿದವನ ಮನೆಗೆ ರಾತ್ರಿ ಯಾವ ಹೊತ್ತಿನಲ್ಲಿ ಕರೆ ಬಂದರೂ ದೋಣಿ ಕಟ್ಟಿದಲ್ಲಿಯೇ ಕಾದಿರುತ್ತದೆ.